ಮಂಗಳವಾರದ ಅಂಚೆಚೀಲ

ಫೆಬ್ರವರಿ 3

ತಂಗೀ,

ಇದನ್ನು ಹೇಳದೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಹೋದ ವಾರ ಜೀರುಂಡೆಗೆ ಸಣ್ಣ ನೆಗಡಿ ಎಂದು ಬರೆದಿದ್ದೆನಲ್ಲ, ಅದು ಸಣ್ಣದಾಗಿರಲಿಲ್ಲ. ಜ್ವರ ಎಷ್ಟು ಏರಿತ್ತೆಂದರೆ ನಿನ್ನ ಮಗಳು ಗೋಡೆಯ ಮೇಲಿನ ಭೂಪಟದ ಜೊತೆ ವಾದಕ್ಕಿಳಿದಿದ್ದಳು. ಕ್ಯಾಂಪಸ್ಸಿನ ಡಾಕ್ಟರಮ್ಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿಹೋದರು. ಈಗ ಪೂರ್ತಿ ವಾಸಿಯಾಗಿದೆ. ಶಾಲೆಯಿಂದ ಬಂದ ಕೂಡಲೇ ಎಂದಿನಂತೆ ಗುಂಯ್ ಎಂದು ಮಾತು ಶುರುಮಾಡುತ್ತಾಳೆ, ಮಲಗುವವರೆಗೂ ನಿಲ್ಲಿಸುವುದಿಲ್ಲ. ಜ್ವರ ಇದ್ದಾಗ, ಇಳಿದ ಮೇಲೆ ಬರೆಯೋಣ ಎಂದುಕೊಂಡೆ. ಇಳಿದ ಮೇಲೆ, ಇನ್ನೇಕೆ ಬರೆಯಬೇಕು ಎಂದುಕೊಂಡೆ. ಎರಡೂ ನಿನ್ನ ಒಳ್ಳೆಯದಕ್ಕೇ ಎಂದು ಆಗ ಅನ್ನಿಸಿತ್ತು.

ಬೆಟ್ಟದ ಮೇಲಿನ ನಿಮ್ಮ ವೀಕ್ಷಣಾಲಯದಲ್ಲಿ ಫೋನ್ ಇದ್ದಿದ್ದರೆ ಅವಳ ಕೆಮ್ಮು ನಿನಗೇ ಕೇಳಿಸುತ್ತಿತ್ತು, ನನ್ನ ಜಾಣತನಕ್ಕೆ ಜಾಗ ಇರುತ್ತಿರಲಿಲ್ಲ. ಒಂದು ಮೊಬೈಲ್ ಉಸಿರಾಡಿದರೂ ನಿಮ್ಮ ಆಂಟೆನಾಗಳಿಗೆ ಕಿವಿಯ ಬಳಿ ನಗಾರಿ ಬಾರಿಸಿದ ಹಾಗಾಗುತ್ತದೆ ಎಂದು ಅವಳಿಗೆ ವಿವರಿಸಿದೆ. "ಹಾಗಾದ್ರೆ ಅಮ್ಮ ಅಲ್ಲಿ ಪಿಸುಗುಟ್ಕೊಂಡೇ ಮಾತಾಡ್ತಾಳಾ?" ಅಂದಳು. ಹೌದು ಅಂದುಬಿಟ್ಟೆ. ನಿನ್ನನ್ನು ಪಿಸುಗುಟ್ಟುವವಳಾಗಿ ಊಹಿಸಿಕೊಂಡು ಇಬ್ಬರೂ ನಕ್ಕೆವು.

ಕ್ಯಾಂಪಸ್ಸಿನ ಸುದ್ದಿಯೆಂದರೆ, ತಂಪುನೀರಿನ ಕೊಳದ ಬಾತುಕೋಳಿಗಳು ಈಗ ಕ್ಯಾಂಟೀನಿನ ಒಳಕ್ಕೇ ಬರುತ್ತಿವೆ. ನಿರ್ದೇಶಕರ ಕಚೇರಿಯಿಂದ ಸುತ್ತೋಲೆ ಬಂದಿದೆ. ನನ್ನ ವಾರದ ಸುದ್ದಿಹಾಳೆಯಲ್ಲಿ ಅದೇ ಮುಖಪುಟ. ಹೊಸ ಅಯಸ್ಕಾಂತ ಬಂದಿರುವುದು ಮೂರನೇ ಪುಟಕ್ಕೆ ಹೋಯಿತು. ಅಯಸ್ಕಾಂತದ ವಿಭಾಗದವರು ಮುನಿಸಿಕೊಂಡಿದ್ದಾರೆ, ಬಾತುಕೋಳಿಗಳ ಕಡೆಯಿಂದ ಇನ್ನೂ ಯಾವ ದೂರೂ ಇಲ್ಲ.

ಕಾಲೇಜಿನವರ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅಧ್ಯಾಪಕಿಯ ಖಾಯಂ ಹುದ್ದೆ ನಿನಗೇ ಎಂದು ಬರೆದಿದ್ದಾರೆ. ಏಪ್ರಿಲ್ ಮಧ್ಯದೊಳಗೆ ನಿನ್ನ ಒಪ್ಪಿಗೆ ತಲುಪಬೇಕಂತೆ. ನಮ್ಮ ಗೇಟಿನಿಂದ ಎರಡೇ ಬಸ್ ನಿಲ್ದಾಣ. ಜೂನ್ ಹೊತ್ತಿಗೆ ನೀನು ಇಲ್ಲಿರುತ್ತೀಯ.

ನಾಳೆ ಮಂಗಳವಾರ. ಚೀಲ ಮುಚ್ಚುವ ಮೊದಲು ಇದನ್ನು ಹಾಕಬೇಕು.

ಅಕ್ಕ

*

ಫೆಬ್ರವರಿ 14

ಅಕ್ಕಾ,

ನಿನ್ನ ಮೇಲೆ ಕೋಪ ಬಂದಿತ್ತು. ಹೋದ ವಾರ ಗುರುವಾರ ಜೀಪು ಬಂದು, ಪತ್ರ ಓದಿ, ಊಟ ಬಿಟ್ಟು ಹೊರಗೆ ಹೋಗಿ ಬೇಲಿಯ ಉದ್ದಕ್ಕೂ ನಡೆದುಬಂದೆ. ಅಷ್ಟರಲ್ಲಿ ಹಸಿವು ಕೋಪವನ್ನು ತಿಂದುಹಾಕಿತು. ಇನ್ನು ಮುಂದೆ ಹೀಗೆ ಮಾಡಬೇಡ. ನೂರು ಮೈಲಿ ಆಚೆಯಿಂದ ತಾಯಿಯಾಗಿರುವವಳ ಹತ್ತಿರ ಇರುವುದು ನಿನ್ನ ಪತ್ರ ಒಂದೇ. ಅದರಲ್ಲಿ ನೀನು ಸಣ್ಣದು ಎಂದರೆ ಸಣ್ಣದು, ದೊಡ್ಡದು ಎಂದರೆ ದೊಡ್ಡದು.

ಮಗಳನ್ನು ನಿನ್ನ ಮಡಿಲಿಗೆ ಹಾಕಿ ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಅವಳಪ್ಪ ಎದ್ದುಹೋದಾಗ ನನಗೆ ಉಳಿದಿದ್ದು ಎರಡೇ: ಅವಳು, ಮತ್ತು ಈ ಕೆಲಸ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಲಾಗಲಿಲ್ಲ. ಈ ಮಾತು ನಿನಗೆ ಗೊತ್ತಿದೆ, ಆದರೂ ಆಗಾಗ ನನಗೇ ಹೇಳಿಕೊಳ್ಳಬೇಕಾಗುತ್ತದೆ.

ಕಾಲೇಜಿಗೆ ಹೂಂ ಅನ್ನುತ್ತೇನೆ ಅನ್ನಿಸುತ್ತದೆ. ಉಳಿದ ಬದುಕೆಲ್ಲ ಸೀಮೆಸುಣ್ಣದ ಪುಡಿ ತಿಂದುಕೊಂಡು, ನಿದ್ದೆಗಣ್ಣಿನ ಹುಡುಗರಿಗೆ ಲೋಲಕದ ಲೆಕ್ಕ ಹೇಳಿಕೊಡುವುದು. ಆದರೂ ಸಂಜೆ ಮನೆಗೆ ಬಂದರೆ ಜೀರುಂಡೆ ಇರುತ್ತಾಳೆ. ಅದಕ್ಕಿಂತ ಇನ್ನೇನು ಬೇಕು ಎಂದು ಕೇಳಿಕೊಳ್ಳುತ್ತೇನೆ, ಉತ್ತರ ಬರುವ ಮೊದಲೇ ಕೆಲಸಕ್ಕೆ ಹೋಗುತ್ತೇನೆ.

ಇಲ್ಲಿ ಎಲ್ಲ ಹಾಗೇ ಇದೆ. ಮುಖ್ಯಸ್ಥರಿಗೆ ನಾವು ಮೌನಿ ಎಂದು ಹೆಸರಿಟ್ಟಿದ್ದೇವೆ. ಮೊನ್ನೆ ಊಟದ ಮೇಜಿನಲ್ಲಿ ಅಡುಗೆಯವರು "ಸಾರ್, ಉಪ್ಪು ಸರಿ ಇದೆಯಾ?" ಅಂತ ಕೇಳಿದರೆ, ಮರುದಿನ ತಿಂಡಿಯ ಹೊತ್ತಿಗೆ "ಇತ್ತು" ಅಂದರು. ಬರುವ ವಾರವೆಲ್ಲ ನನ್ನದು ಮಧ್ಯಾಹ್ನದ ಪಾಳಿ. ಊಟವಾದ ಮೇಲೆ ಪರದೆಯ ಮುಂದೆ ಒಬ್ಬಳೇ, ತೂಕಡಿಸದೆ ಕೂತಿರಬೇಕು. ಆಕಾಶಕ್ಕೆ ಮಾತಾಡುವ ಮನಸ್ಸಾದರೆ ಆ ಹೊತ್ತಿಗೇ ಮಾತಾಡಲಿ, ನಿದ್ದೆಯಾದರೂ ಹೋಗುತ್ತದೆ.

ಚಿಕ್ಕವಳು

*

ಫೆಬ್ರವರಿ 28

ಅಕ್ಕಾ,

ಅಕ್ಷರ ಸೊಟ್ಟಗಿದೆ, ನೋಡಿ ನಗಬೇಡ. ನಿಮ್ಮ ಕ್ಯಾಂಪಸ್ಸಿನಲ್ಲಿ ಈಗಾಗಲೇ ಗುಲ್ಲೆದ್ದಿರುತ್ತದೆ, ಹಾಗಾಗಿ ನಾನು ಬರೆದರೆ ತಪ್ಪಿಲ್ಲ. ಹತ್ತೊಂಬತ್ತರ ಮಧ್ಯಾಹ್ನ ಒಂದು ಸಂಕೇತ ಬಂತು. ನನ್ನ ಪಾಳಿಯಲ್ಲಿ. ನಾನೊಬ್ಬಳೇ ಇದ್ದೆ. ಈ ಕೇಂದ್ರ ಹನ್ನೊಂದು ವರ್ಷದಿಂದ ಕಿವಿಗೊಟ್ಟು ಕೂತಿದೆಯಲ್ಲ, ಎರಡು ಸತ್ತ ನಕ್ಷತ್ರಗಳು ಒಂದಕ್ಕೊಂದು ಬಡಿಯುವಾಗ ಏಳಬೇಕಾದ ಪಿಸುಮಾತಿಗೆ, ಅದು ಪುಸ್ತಕದಲ್ಲಿ ಬರೆದ ಹಾಗೇ ಬಂತು. ಕುರ್ಚಿಯಿಂದ ಎದ್ದೆ, ಮತ್ತೆ ಕೂತೆ. ಮೌನಿಯನ್ನು ಕರೆದೆ. ಅವರು ಪರದೆ ನೋಡಿ "ಅಯ್ಯೋ" ಅಂದರು. ಆ ವಾರ ಅವರು ಆಡಿದ ಮಾತು ಅದೊಂದೇ.

ಹಿಗ್ಗಬೇಡ ಎಂದು ನನಗೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ನಮ್ಮ ಎಚ್ಚರವನ್ನು ಪರೀಕ್ಷಿಸಲು ಕೆಲವೊಮ್ಮೆ ಯಂತ್ರದೊಳಕ್ಕೆ ಒಂದು ಹುಸಿ ಸಂಕೇತವನ್ನು ಬಿತ್ತುತ್ತಾರೆ. ಬಿತ್ತಿದ್ದು ಮೂವರಿಗೆ ಮಾತ್ರ ಗೊತ್ತಿರುತ್ತದೆ. ಮಿಕ್ಕ ನಾವೆಲ್ಲ ಅದನ್ನು ನಿಜವೆಂದೇ ತಿಳಿದು ಅಳೆದು, ಸುರಿದು, ಪ್ರಬಂಧ ಕೂಡ ಬರೆದು ಮುಗಿಸಬೇಕು. ಆಮೇಲೆ ಒಂದು ದಿನ ಎಲ್ಲರೂ ಸೇರಿ ಪೆಟ್ಟಿಗೆ ತೆರೆಯುತ್ತಾರೆ. ಪೆಟ್ಟಿಗೆಯೇನೂ ಇಲ್ಲ, ಹಾಗನ್ನುತ್ತೇವೆ ಅಷ್ಟೆ. ಬಿತ್ತಿದವರು ಎದ್ದುನಿಂತು, ಬಿತ್ತಿದ್ದೆವು ಅಥವಾ ಬಿತ್ತಿರಲಿಲ್ಲ ಎಂದು ಹೇಳುತ್ತಾರೆ. ಈ ಸಲ ಅದು ಏಪ್ರಿಲ್ 25ಕ್ಕೆ. ಅದಕ್ಕೂ ಮೊದಲು ಯಾರಿಗಾದರೂ ಸುಳಿವು ಸಿಕ್ಕಿತೋ, ಅವರು ಎದ್ದು ಆಚೆ ಹೋಗಬೇಕು, ಮುನ್ನೂರು ಜನ ಮಾಡಿದ ಪರೀಕ್ಷೆಯೆಲ್ಲ ಕಸದಬುಟ್ಟಿಗೆ. ಮೂವರಲ್ಲಿ ಒಬ್ಬರು ಭೌತವಿಜ್ಞಾನದ ಗಂಧಗಾಳಿ ಇಲ್ಲದವರೇ ಆಗಿರಬೇಕಂತೆ. ಯಾರೋ ಲೆಕ್ಕಪತ್ರ ವಿಭಾಗದವರಿರಬೇಕು, ಪುಣ್ಯಾತ್ಮ, ಏನೂ ತಿಳಿಯದೆ ಗೊರಕೆ ಹೊಡೆಯುತ್ತಿರುತ್ತಾನೆ. ಇಲ್ಲಿ ನಮಗೆ ಕಣ್ಣು ಮುಚ್ಚುತ್ತಿಲ್ಲ.

ಆದರೆ ಅಕ್ಕಾ, ಇದು ನಿಜ. ನನಗೆ ಗೊತ್ತು. ಹೇಗೆ ಎಂದು ಕೇಳಬೇಡ.

ಇಲ್ಲಿಯ ನನ್ನ ಅವಧಿ ಮೇ ತಿಂಗಳಿಗೆ ಮುಗಿಯುತ್ತದೆ. ಸಂಕೇತ ನಿಜವಾದರೆ ಇನ್ನೆರಡು ವರ್ಷ ಇಲ್ಲೇ ಉಳಿದು ಇದನ್ನು ಮುಂದುವರಿಸು ಎಂದಿದ್ದಾರೆ. ಕಾಲೇಜಿನವರು ಪೆಟ್ಟಿಗೆ ತೆರೆಯುವವರೆಗೆ ಕಾಯುವುದಿಲ್ಲ. ಏಪ್ರಿಲ್ 11ರ ಶುಕ್ರವಾರ ಇಳಿಯುವ ಜೀಪಿನಲ್ಲೇ ನನ್ನ ಉತ್ತರ ಹೋಗಬೇಕು. ಇನ್ನೆರಡು ವರ್ಷ ಜೀರುಂಡೆಯನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ಚಿಕ್ಕವಳು

*

ಮಾರ್ಚ್ 3 (ಕಳಿಸಿಲ್ಲ)

ತಂಗೀ,

ಇದನ್ನು ನಿನಗೆ ಕಳಿಸಲಾರೆ. ಬರೆದರೆ ಎದೆ ಹಗುರಾದೀತೇ ನೋಡೋಣ ಎಂದು ಬರೆಯುತ್ತಿದ್ದೇನೆ.

ಗೊರಕೆ ಹೊಡೆಯುವ ಆ ಪುಣ್ಯಾತ್ಮ ನಾನೇ.

ಕ್ಯಾಂಪಸ್ಸಿನಲ್ಲಿ ಅನುಮಾನದ ತಾತ ಎನ್ನುವ ನಿವೃತ್ತ ವಿಜ್ಞಾನಿ ನಿನಗೆ ಗೊತ್ತಲ್ಲ, ಶುಭೋದಯ ಅಂದರೂ "ನೋಡ್ಬೇಕು" ಅನ್ನುವವರು. ಫೆಬ್ರವರಿ ಹದಿನೇಳಕ್ಕೆ ಅವರು ನನ್ನನ್ನು ಕೋಣೆಗೆ ಕರೆಸಿಕೊಂಡರು. ಸುದ್ದಿಹಾಳೆಯಲ್ಲಿ ಏನೋ ತಪ್ಪು ಹೋಗಿರಬೇಕೆಂದು ಹೆದರಿಕೊಂಡೇ ಹೋದೆ. ಒಬ್ಬ ಎಂಜಿನಿಯರು ಬಾಗಿಲ ಬಳಿ ನಿಂತಿದ್ದ.

"ಭೌತವಿಜ್ಞಾನ ಗೊತ್ತಿಲ್ಲದೋರು ಒಬ್ರು ಬೇಕು" ಅಂದರು ತಾತ.

"ಗೊತ್ತಿಲ್ಲದೇ ಇರೋದ್ರಲ್ಲಿ ನನ್ನ ಮೀರಿಸೋರು ಈ ಕ್ಯಾಂಪಸ್ಸಲ್ಲೇ ಇಲ್ಲ."

ಅವರು ನಗಲಿಲ್ಲ. ನಿಜಕ್ಕೂ ಗೊತ್ತಿಲ್ಲವೇ ಎಂದು ಪರೀಕ್ಷಿಸಲು ಏನೇನೋ ಕೇಳಿದರು, ನನ್ನ ಉತ್ತರಗಳಿಂದ ತುಂಬ ಸಮಾಧಾನಗೊಂಡರು. ಗುಟ್ಟು ಕಾಯುತ್ತೇನೆಂದು ಮಾತು ತೆಗೆದುಕೊಂಡರು.

"ಬಿತ್ತೋದಾ, ಬೇಡ್ವಾ?"

"ಬಿತ್ತಿ."

"ಯಾವತ್ತು?"

"ಹತ್ತೊಂಬತ್ತು."

"ಎಷ್ಟೊತ್ಗೆ?"

"ಮಧ್ಯಾಹ್ನ. ಊಟ ಆದ್ಮೇಲೆ."

ಇದನ್ನೆಲ್ಲ ಯಂತ್ರವೇ ಆರಿಸಬಹುದಿತ್ತಲ್ಲ ಎಂದು ಕೇಳಿದೆ. "ಯಂತ್ರದೊಳಗೆ ಯಾರಾದ್ರೂ ಇಣುಕಿ ನೋಡ್ತಾರೆ. ನಿಮ್ಮ ತಲೆಯೊಳಗೆ ಯಾರಮ್ಮ ಇಣುಕ್ತಾರೆ?" ಅಂದರು.

ನನ್ನ ತಲೆಯೊಳಗೆ ನೀನಿದ್ದೆ. ಎರಡು ದಿನ ಮೊದಲಷ್ಟೇ ನಿನ್ನ ಪತ್ರ ಓದಿದ್ದೆ. ಮಧ್ಯಾಹ್ನದ ಪಾಳಿ, ಊಟವಾದ ಮೇಲೆ ತೂಕಡಿಕೆ, ಆಕಾಶ ಆ ಹೊತ್ತಿಗೇ ಮಾತಾಡಲಿ. ಬೇಕೆಂದೇ ಹೇಳಿದೆನೇ? ಇಲ್ಲ, ಆಣೆ ಮಾಡಿ ಹೇಳಬಲ್ಲೆ. ಆದರೆ ನಾಲಗೆಯ ಮೇಲೆ ಆ ದಿನವೇ ಯಾಕೆ ಬಂತು ಎಂದರೆ ಆಣೆ ಮಾಡಲು ಆಗುವುದಿಲ್ಲ. ಇಷ್ಟು ದೊಡ್ಡ ತಲೆಯವರು ನನಗೆ ವಿಜ್ಞಾನ ಗೊತ್ತೇ ಎಂದು ಕೆದಕಿ ಕೆದಕಿ ನೋಡಿದರು, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಒಂದು ಮಾತು ಕೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಮುಖ್ಯವಾದ ಕೆಲಸಕ್ಕೆ ಕರೆದಿದ್ದಾರೆ ಎಂಬ ಹೆಮ್ಮೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

ನೀನು ನಿಜವೆಂದು ನಂಬಿರುವುದು ನನ್ನ ಬಾಯಿಂದ ಬಿದ್ದ ಮೂರು ಮಾತು. ಹೇಳಿದರೆ ನೀನು ಆ ಕೆಲಸದಿಂದ ಆಚೆ ಹೋಗಬೇಕು, ಅದೂ ಅಕ್ಕನಿಂದ ಗುಟ್ಟು ತಿಳಿದವಳು ಎಂಬ ಕಳಂಕ ಹೊತ್ತು. ಹೇಳದಿದ್ದರೆ ನೀನು ಕಾಲೇಜು ಬಿಡುತ್ತೀಯ, ಅದಾದ ಎರಡು ವಾರಕ್ಕೆ ಪೆಟ್ಟಿಗೆ ತೆರೆದಾಗ ಇದೂ ಇಲ್ಲವಾಗುತ್ತದೆ. ನುಂಗಲಾರೆ, ಉಗುಳಲಾರೆ.

ಇನ್ನೊಂದು ಇದೆ, ಅದನ್ನು ಇಲ್ಲಿ ಕೂಡ ಬರೆಯಲು ಕೈ ಹಿಂದೆಗೆಯುತ್ತದೆ. ಇನ್ನೆರಡು ವರ್ಷ ಇಟ್ಟುಕೊಳ್ಳುತ್ತೀಯಾ ಎಂದು ನೀನು ಕೇಳಿದ ಸಾಲು ಓದಿದಾಗ ನನಗೆ ಮೊದಲು ಆದದ್ದು ಭಯವಲ್ಲ, ಸಂತೋಷ.

*

ಮಾರ್ಚ್ 3

ತಂಗೀ,

ತುಂಬ ಸಂತೋಷವಾಯಿತು. ಕ್ಯಾಂಪಸ್ಸಿನಲ್ಲೂ ಅದೇ ಮಾತು. ಕ್ಯಾಂಟೀನಿನಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕಾಚಾರ. ಸುದ್ದಿಹಾಳೆಯಲ್ಲಿ ಇದರ ಬಗ್ಗೆ ಒಂದಕ್ಷರ ಹಾಕಬಾರದೆಂದು ಮೇಲಿನಿಂದ ಅಪ್ಪಣೆಯಾಗಿದೆ. ಹಾಗಾಗಿ ಮತ್ತೆ ಬಾತುಕೋಳಿಗಳೇ.

ಕಾಲೇಜಿನ ವಿಷಯ ದುಡುಕಬೇಡ. ಖಾಯಂ ಹುದ್ದೆ ಮತ್ತೆ ಮತ್ತೆ ಬರುವುದಿಲ್ಲ. ಕೈಯಲ್ಲಿರುವುದನ್ನು ಬಿಟ್ಟು ಹಾರುವುದನ್ನು ಹಿಡಿಯಲು ಹೋಗುವುದು ಸರಿಯೇ ಎಂದು ನಿಧಾನವಾಗಿ ಯೋಚಿಸು. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಬಂದುಬಿಡುತ್ತಿದ್ದೆ.

ಜೀರುಂಡೆ ಚೆನ್ನಾಗಿದ್ದಾಳೆ.

ಅಕ್ಕ

*

ಮಾರ್ಚ್ 14

ಅಕ್ಕಾ,

ನಿನ್ನ ಹೋದ ವಾರದ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಚಿಕ್ಕ ಪತ್ರವನ್ನು ನೀನು ಯಾವತ್ತೂ ಬರೆದವಳಲ್ಲ. ಪ್ರಬಂಧದ ಕೆಲಸದಲ್ಲಿ ಮುಳುಗಿದ್ದೆ, ಆ ಶುಕ್ರವಾರ ಉತ್ತರ ಬರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಮನಸ್ಸಾಗಲಿಲ್ಲ.

ನೇರವಾಗಿ ಕೇಳುತ್ತೇನೆ. ಮಗು ಭಾರವಾಗಿದ್ದಾಳೆಯೇ? ಆಗಿದ್ದರೆ ತಪ್ಪಲ್ಲ. ನಲವತ್ತು ದಾಟಿದ ಮೇಲೆ, ನೀನು ಕಟ್ಟಿಕೊಂಡ ಶಾಂತ ಬದುಕಿನ ನಡುವೆ, ಒಂದು ಗುಂಯ್‌ಗುಟ್ಟುವ ಜೀವವನ್ನು ತಂದು ಬಿಟ್ಟುಹೋದವಳು ನಾನು. ಸಾಕಾಗಿದ್ದರೆ ಸಾಕಾಗಿದೆ ಎನ್ನು. ಖಾಯಂ ಹುದ್ದೆ, ಹಾರುವುದು, ಹಿಡಿಯುವುದು ಎಂದು ಸುತ್ತಿ ಬಳಸಬೇಡ. ಚಿಕ್ಕಂದಿನಲ್ಲೂ ನೀನು ಹೀಗೇ, ನಿನಗೆ ಚಳಿಯಾದರೆ ನನಗೆ ಸ್ವೆಟರ್ ಹಾಕಿಸುತ್ತಿದ್ದೆ.

ನೀನು ಬೇಡ ಅಂದರೆ ನಾನು ಬಂದುಬಿಡುತ್ತೇನೆ. ಕೋಪ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ತೋರಿಸುವುದಿಲ್ಲ.

ಚಿಕ್ಕವಳು

*

ಮಾರ್ಚ್ 17

ತಂಗೀ,

ಅಯ್ಯೋ ಹುಚ್ಚಿ, ಎಂಥ ಮಾತು ಬರೆದೆ! ಜೀರುಂಡೆ ನನಗೆ ಭಾರವೇ? ಅವಳಿಲ್ಲದೆ ಈ ಮನೆ ಹೇಗಿತ್ತು ಎಂಬುದೇ ಈಗ ನೆನಪಾಗುವುದಿಲ್ಲ. ಎರಡಲ್ಲ, ಹತ್ತು ವರ್ಷ ಬೇಕಾದರೂ ಇರಲಿ. ಆ ಪತ್ರ ಬರೆದ ದಿನ ನನಗೆ ತಲೆನೋವಿತ್ತು, ಅಷ್ಟೆ.

ನಿನ್ನೆ ಸಾರ್ವಜನಿಕರ ದಿನ. ವರ್ಷಕ್ಕೊಮ್ಮೆ ಗೇಟು ತೆರೆದು ಊರಿನವರನ್ನೆಲ್ಲ ಒಳಗೆ ಬಿಡುತ್ತಾರಲ್ಲ, ಜನಸಾಗರ. ದೊಡ್ಡ ಅಯಸ್ಕಾಂತದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ದ್ರವ ಸಾರಜನಕದಲ್ಲಿ ಹೂವನ್ನು ಅದ್ದಿ ಗಾಜಿನಂತೆ ಒಡೆದು ತೋರಿಸುವಾಗ ಜೀರುಂಡೆ ಮುಂದಿನ ಸಾಲಿನಲ್ಲೇ ಇದ್ದಳು. "ಬಾತುಕೋಳಿನ ಅದ್ದಿದ್ರೆ?" ಎಂದು ಜೋರಾಗಿ ಕೇಳಿ ಪ್ರದರ್ಶನ ನಡೆಸುತ್ತಿದ್ದ ವಿಜ್ಞಾನಿಯನ್ನು ತಬ್ಬಿಬ್ಬು ಮಾಡಿದಳು. ಸಂಜೆ ಕಾಲು ನೋವೆಂದು ಹೇಳಿ ಹೆಗಲೇರಿಕೊಂಡು ಮನೆಗೆ ಬಂದಳು. ತುಂಬ ಒಳ್ಳೆಯ ದಿನ.

ಅವಳ ಬಗ್ಗೆ ಚಿಂತೆ ಬಿಡು. ಈಗ ಅಳುವುದೇ ಇಲ್ಲ. ಮೊದಲೆಲ್ಲ ಶುಕ್ರವಾರ ಬಂತೆಂದರೆ ಇಳಿದುಬರುವ ಜೀಪು ನಿನ್ನನ್ನು ಕರೆತರುತ್ತದೆಯೇನೋ ಎಂದು ಗೇಟಿನ ಬಳಿ ನಿಲ್ಲುತ್ತಿದ್ದಳು, ಈಗ ಅದೂ ನಿಂತಿದೆ. ಚೆನ್ನಾಗಿ ಹೊಂದಿಕೊಂಡಿದ್ದಾಳೆ.

ಅಕ್ಕ

*

ಮಾರ್ಚ್ 28

ಅಕ್ಕಾ,

ನಿನ್ನ ಪತ್ರ ಓದಿ ಆ ಸಂಜೆ ಹಾಯಾಗಿ ಮಲಗಿದೆ, ಪಾಳಿಗೆ ತಡವಾಗಿ ಮೌನಿಯೇ ಬಂದು ಬಾಗಿಲು ತಟ್ಟಿದರು. ಅದೆಷ್ಟು ಕಾಲವಾಯಿತೋ ಹಾಗೆ ನಿದ್ದೆ ಮಾಡಿ.

ತೀರ್ಮಾನ ಮಾಡಿದ್ದೇನೆ. ಕಾಲೇಜಿಗೆ ಇಲ್ಲವೆಂದು ಬರೆಯುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಯೋಚನೆ, ಅವಳು ಅಲ್ಲಿ ಕೊರಗುತ್ತಿದ್ದಾಳೆ ಎಂಬುದು. ನೀನು ನನ್ನನ್ನು ಸಮಾಧಾನಪಡಿಸಲು ಮುಚ್ಚಿಡುತ್ತಿದ್ದೀಯೇನೋ ಎಂದು ಜ್ವರದ ವಿಷಯವಾದ ಮೇಲೆ ನನಗೆ ಅನುಮಾನವಿತ್ತು. ಆದರೆ ಗೇಟಿನ ಬಳಿ ನಿಲ್ಲುವುದು ನಿಂತಿದೆ ಎಂದು ಬರೆದೆಯಲ್ಲ, ಅಂಥದ್ದನ್ನು ಯಾರೂ ಕಟ್ಟಿ ಬರೆಯುವುದಿಲ್ಲ. ಅವಳು ಅಳುತ್ತಿಲ್ಲ ಎಂದರೆ ನಾನು ಇನ್ನೆರಡು ವರ್ಷ ತಾಳಬಲ್ಲೆ.

ಪ್ರಬಂಧದಲ್ಲಿ ನನ್ನ ಹೆಸರು ಮೊದಲು ಹಾಕುತ್ತಾರಂತೆ. ಸಂಕೇತವನ್ನು ಮೊದಲು ಕಂಡವಳು ಎಂದು. ಮೌನಿ ಒಂದು ಇಡೀ ವಾಕ್ಯದಲ್ಲಿ ಹೇಳಿದರು.

ಚಿಕ್ಕವಳು

*

ಏಪ್ರಿಲ್ 5 (ಕಳಿಸಿಲ್ಲ)

ತಂಗೀ,

ಇವತ್ತು ಅನುಮಾನದ ತಾತನನ್ನು ಕೊಳದ ಬಳಿ ಹಿಡಿದೆ. ಬ್ರೆಡ್ಡಿನ ಚೂರುಗಳನ್ನು ನೀರಿಗೆ ಎಸೆಯುತ್ತ ನಿಂತಿದ್ದರು, ಬಾತುಕೋಳಿಗಳಿಗೆ ಆಹಾರ ಹಾಕಬಾರದೆಂಬ ಸುತ್ತೋಲೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಎಲ್ಲವನ್ನೂ ಹೇಳಿದೆ, ನೀನು ಯಾರು, ಎಲ್ಲಿದ್ದೀಯ, ಯಾವ ಪಾಳಿ, ಕಾಲೇಜು. ಅವರ ಕೈ ಬ್ರೆಡ್ಡಿನ ಪೊಟ್ಟಣದೊಳಗೇ ನಿಂತುಹೋಯಿತು.

"ಇದೊಂದರ ಬಗ್ಗೆ ನಂಗೆ ಅನುಮಾನ ಬರ್ಲಿಲ್ವಲ್ಲಮ್ಮ" ಅಂದರು.

"ಈಗ ಏನ್ಮಾಡ್ಲಿ?"

"ನೀವು ಬಾಯಿ ಬಿಟ್ರೆ ಆ ಹುಡುಗಿ ಹೊರಗೆ, ಪರೀಕ್ಷೆ ಹಾಳು. ಬಿಡದಿದ್ರೆ ಅವಳ ನೌಕರಿ ಹಾಳು. ಎರಡನ್ನೂ ತೂಗೋ ತಕ್ಕಡಿ ನನ್ನತ್ರ ಇಲ್ಲ."

"ಬಂದ್ಬಿಡು ಅಂತ ಬರೀಬಹುದಾ? ಕಾರಣ ಹೇಳ್ದೇನೇ?"

ಅವರು ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನು ವಿದ್ಯಾರ್ಥಿಯ ಹಾಗೆ ನೋಡಿ ಕೇಳಿದರು: "ಸಂಕೇತ ನಿಜವೇ ಆಗಿದ್ರೂ ನೀವು ಇದೇ ಮಾತು ಬರೀತಿದ್ರಾ? ಬರೀತಿದ್ರೆ ಅದು ಸೋರಿಕೆ ಅಲ್ಲ. ಬರೀತಿರ್ಲಿಲ್ಲ ಅಂದ್ರೆ, ಅದು ಸೋರಿಕೆ."

ಮನೆಗೆ ಬರುವವರೆಗೂ ಅದೇ ಪ್ರಶ್ನೆ. ನಿಜವೇ ಆಗಿದ್ದರೆ ನಾನು ನಿನಗೆ ಏನು ಬರೆಯುತ್ತಿದ್ದೆ? ಏನೂ ಇಲ್ಲ. ನಿನ್ನ ಹೆಸರು ಬೆಳಗಲಿ ಎಂದು ಹರಸಿ, ನಿನ್ನ ಮಗಳನ್ನು ಸದ್ದಿಲ್ಲದೆ ನನ್ನವಳನ್ನಾಗಿ ಮಾಡಿಕೊಂಡುಬಿಡುತ್ತಿದ್ದೆ. ನೀನು ಮರಳುವ ಹೊತ್ತಿಗೆ ಅದು ಆಗಿಹೋಗಿರುತ್ತಿತ್ತು, ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ.

ಅಂದರೆ ಸಂಕೇತ ನಿಜವಾಗಿದ್ದರೂ ನಿನಗೆ ಹೇಳಲೇಬೇಕಾಗಿದ್ದ ಒಂದು ಮಾತು ಇದೆ. ಅದು ತಾತನ ಗುಟ್ಟಲ್ಲ, ನನ್ನದು.

*

ಏಪ್ರಿಲ್ 7

ತಂಗೀ,

ಕಾಲೇಜಿಗೆ ನೀನು ಬರೆದ ಉತ್ತರ ಜೀಪು ಹತ್ತುವ ಮೊದಲು ಇದನ್ನು ಓದು. ಪೂರ್ತಿ ಓದು, ನಡುವೆ ಎದ್ದು ಬೇಲಿಯ ಕಡೆ ಹೋಗಬೇಡ.

ಸಾರ್ವಜನಿಕರ ದಿನ ತುಂಬ ಒಳ್ಳೆಯ ದಿನ ಎಂದು ಬರೆದಿದ್ದೆ. ಹೂವು, ಬಾತುಕೋಳಿ ಎಲ್ಲ ನಿಜ. ನಡುವೆ ಆದದ್ದನ್ನು ಬಿಟ್ಟಿದ್ದೆ. ಅಯಸ್ಕಾಂತದ ಹಾಲ್‌ನಲ್ಲಿ ನಾನು ಫೋಟೋ ತೆಗೆಯುತ್ತಿದ್ದಾಗ ಜೀರುಂಡೆ ಗುಂಪಿನಲ್ಲಿ ಕಳೆದುಹೋದಳು. ಅಲ್ಲೆಲ್ಲ ಹುಡುಕಾಡಿದೆ. ಅಷ್ಟು ದೊಡ್ಡ ಯಂತ್ರದ ಸುತ್ತ ಒಂದು ಮಗುವಿನ ಹೆಸರು ಕೂಗಿಕೊಂಡು ಓಡಿದರೆ ಹೇಗಿರುತ್ತದೆ ಗೊತ್ತೇ? ಆಗ ಧ್ವನಿವರ್ಧಕದಲ್ಲಿ ಕೇಳಿಸಿತು: ಸುದ್ದಿಹಾಳೆಯಲ್ಲಿ ಕೆಲಸ ಮಾಡುವ ತಾಯಿ ಎಲ್ಲಿದ್ದರೂ ವಿಚಾರಣೆಯ ಮೇಜಿಗೆ ಬರಬೇಕು, ಮಗಳು ಕಾಯುತ್ತಿದ್ದಾಳೆ.

ಮೇಜಿನ ಹಿಂದಿದ್ದ ಹುಡುಗಿ "ನೋಡು, ನಿಮ್ಮಮ್ಮ ಬಂದ್ರು" ಅಂದಳು. ಜೀರುಂಡೆ "ಅಮ್ಮಾ" ಎನ್ನುತ್ತ ಬಂದು ಸೊಂಟ ತಬ್ಬಿಕೊಂಡಳು. ನಾನು ದೊಡ್ಡಮ್ಮ, ಇವಳ ತಾಯಿ ಬೇರೆ ಊರಿನಲ್ಲಿದ್ದಾಳೆ ಎನ್ನಬೇಕಿತ್ತು. ಎರಡು ಕ್ಷಣದ ಮಾತು. "ಬಂದೆ ಕಂದಾ" ಅಂದೆ.

ಹೆದರಿದ ಮಗುವಿನ ಬಾಯಿಂದ ಬಂದ ಮಾತು, ನಾಳೆ ಮರೆತುಹೋಗುತ್ತದೆ ಎಂದುಕೊಂಡೆ. ಮರೆಯಲಿಲ್ಲ. ಅವತ್ತಿನಿಂದ ಮನೆಯಲ್ಲಿ ನಾನು ಅಮ್ಮ. ಸಕ್ಕರೆ ಡಬ್ಬಿ ಎಲ್ಲಿ ಅಮ್ಮ, ನನ್ನ ಕಾಲುಚೀಲ ಎಲ್ಲಿ ಅಮ್ಮ. ನಿನ್ನನ್ನು ಮೇಲಿನ ಅಮ್ಮ ಎನ್ನುತ್ತಾಳೆ. ಮೂರನೇ ದಿನ ಅವಳೇ ಹೇಳಿದಳು: "ಮೇಲಿನ ಅಮ್ಮಂಗೆ ಹೇಳೋದು ಬೇಡ, ಆಯ್ತಾ?" ಆಯ್ತು ಎಂದೆ. ಅದನ್ನು ಕೇಳಿ ನನ್ನ ಮೈ ಬಿಸಿಯಾಯಿತು, ನಾಚಿಕೆಯಿಂದ ಎಂದು ಬರೆದರೆ ಅರ್ಧ ಮಾತ್ರ ನಿಜ.

ಅಳುವುದು ನಿಂತಿದೆ, ಗೇಟಿನ ಬಳಿ ನಿಲ್ಲುವುದು ನಿಂತಿದೆ ಎಂದು ನಾನು ಬರೆದದ್ದು ನಿಜ. ಅದನ್ನು ಒಳ್ಳೆಯ ಸುದ್ದಿ ಎಂದು ಬರೆದದ್ದು ಸುಳ್ಳು. ಅವಳು ಕಾಯುವುದನ್ನು ಬಿಟ್ಟಿದ್ದಾಳೆ. ಕೊರಗುತ್ತಿಲ್ಲ, ಅದರ ಬಗ್ಗೆ ನಿನ್ನನ್ನು ಹೆದರಿಸುವುದಿಲ್ಲ. ಚೆನ್ನಾಗಿ ಉಣ್ಣುತ್ತಾಳೆ, ನಗುತ್ತಾಳೆ, ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನೀನು ಕೊರಗುವ ಮಗುವಿಗಾಗಿ ಇಳಿದುಬರಲು ಸಿದ್ಧಳಿದ್ದೆ. ಕೊರಗದಿರುವ ಮಗು ನಿನ್ನಿಂದ ಇನ್ನೂ ದೂರ ಹೋಗಿದ್ದಾಳೆ, ಅದಕ್ಕೆ ನಾನು ದಾರಿ ಬಿಟ್ಟುಕೊಟ್ಟಿದ್ದೇನೆ.

ನಿನ್ನ ಸಂಕೇತದ ಬಗ್ಗೆ ಈ ಪತ್ರದಲ್ಲಿ ನನ್ನ ಅಭಿಪ್ರಾಯವೇನೂ ಇಲ್ಲ, ಹುಡುಕಬೇಡ. ಅದು ನಿಜವೆಂದೇ ಇಟ್ಟುಕೊ. ನಿನ್ನ ಹೆಸರೇ ಮೊದಲು ಬರುತ್ತದೆ ಎಂದಿಟ್ಟುಕೊ. ಆಗಲೂ ಬೆಲೆ ಇದೇ: ಎರಡು ವರ್ಷದ ನಂತರ ನೀನು ಬಂದಾಗ ಅವಳು ನಿನ್ನನ್ನು ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ಒಳಗೆ ಕರೆಯುತ್ತಾಳೆ. ಆ ಬೆಲೆ ಕೊಡಬಹುದು ಎನ್ನಿಸಿದರೆ ಅಲ್ಲೇ ಇರು. ಅವಳನ್ನು ಜೋಪಾನವಾಗಿ ನೋಡಿಕೊಳ್ಳುತ್ತೇನೆ, ಒಂದು ದಿನವೂ ನಿನ್ನನ್ನು ಹಳಿಯುವುದಿಲ್ಲ. ಬೇಡವೆನ್ನಿಸಿದರೆ ಕಾಲೇಜಿಗೆ ಹೂಂ ಎಂದು ಇದೇ ಶುಕ್ರವಾರ ಬರೆ. ಏನೇ ಮಾಡಿದರೂ ಗೊತ್ತಿದ್ದು ಮಾಡು. ಅಳುತ್ತಿಲ್ಲ ಎಂಬ ನನ್ನ ಒಂದು ಸಾಲನ್ನು ನಂಬಿ ಮಾಡಬೇಡ.

ಈ ಪತ್ರ ಬರೆಯುತ್ತಿದ್ದೇನೆ ಎಂದು ಜೀರುಂಡೆಗೆ ಹೇಳಿದೆ. ಅವಳಿಗೆ ಕೊಟ್ಟ ಮಾತನ್ನು ಬೆನ್ನ ಹಿಂದೆ ಮುರಿಯಲು ಮನಸ್ಸಾಗಲಿಲ್ಲ.

"ಚಾಡಿ ಹೇಳ್ತಿದೀಯ" ಅಂದಳು.

"ಹೂಂ."

"ಮೇಲಿನ ಅಮ್ಮ ಬಂದ್ಬಿಟ್ರೆ ನೀನು ಮತ್ತೆ ದೊಡ್ಡಮ್ಮ ಆಗ್ತೀಯಾ?"

"ಹೂಂ."

ನನ್ನ ಕೆನ್ನೆ ಮುಟ್ಟಿ "ಪಾಪ" ಅಂದಳು. ಅಂದವಳೇ ಆಟಕ್ಕೆ ಓಡಿದಳು.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಅದನ್ನು ಎದುರಿಗೆ ಕೂತು ಕೇಳುತ್ತೇನೆ, ಜೂನ್‌ನಲ್ಲಾಗಲಿ, ಎರಡು ವರ್ಷ ಬಿಟ್ಟಾಗಲಿ.

ಗುರುವಾರದ ಜೀಪಿಗೆ ಇದು ಸಿಗಬೇಕು. ನಾಳೆ ಚೀಲ ಮುಚ್ಚುವ ಮೊದಲು ನಾನೇ ಅಂಚೆಕೋಣೆಗೆ ಹೋಗಿ ಹಾಕುತ್ತೇನೆ.

ಅಕ್ಕ

ಅಂಚೆಗೆ: ಮಂಗಳವಾರ, ಏಪ್ರಿಲ್ 8